ಕೆಲಸ ಹೋಗುವ ಸುಳಿವು ಮೊದಲು ಎಲ್ಲಿ ಕಾಣುತ್ತದೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕಂಪನಿಯಲ್ಲಿ ಜನರನ್ನು ತೆಗೆಯುತ್ತಾರೆ ಎಂಬ ಗುಸುಗುಸು ಎದ್ದಾಗ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಕೇಳಿದ ಪತ್ರಗಳೇ ಈ ಸಲ ಹೆಚ್ಚು. ಅವುಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರಾಗಲಿ ಸಂಸ್ಥೆಯಾಗಲಿ ಹಾಕಿಲ್ಲ. ಸಿಬ್ಬಂದಿ ವಿಭಾಗ, ಲೆಕ್ಕಪತ್ರ, ಕಾರ್ಮಿಕ ಕಾನೂನು ಈ ಮೂರನ್ನೂ ಬಲ್ಲವರು ಕೂಡಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೂರು ತಿಂಗಳಿಂದ ನಮ್ಮ ಆಫೀಸಿಗೆ ಹೊಸಬರು ಯಾರೂ ಸೇರಿಲ್ಲ. ಪ್ರಯಾಣಕ್ಕೆ ಒಪ್ಪಿಗೆ ಸಿಗುತ್ತಿಲ್ಲ, ತರಬೇತಿ ರದ್ದಾಗಿದೆ. ಜೊತೆಯವರೆಲ್ಲ ‘ಇನ್ನೇನು ಲೇಆಫ್ ಬಂದೇಬಿಟ್ಟಿತು’ ಎನ್ನುತ್ತಿದ್ದಾರೆ. ನಿಜವೇ? 
— ಸಾಫ್ಟ್‌ವೇರ್ ಪರೀಕ್ಷಕಿ

ಉತ್ತರ: ಇಷ್ಟರಿಂದಲೇ ಹಾಗೆ ಹೇಳಲು ಬಾರದು. ಖರ್ಚು ಇಳಿಸಲು ಹೊರಟ ಸಂಸ್ಥೆ ಸಾಮಾನ್ಯವಾಗಿ ಮೊದಲಿಗೇ ಜನರನ್ನು ಮುಟ್ಟುವುದಿಲ್ಲ. ಜನರನ್ನು ತೆಗೆದರೆ ಪರಿಹಾರ ಕೊಡಬೇಕು, ಕಾನೂನಿಗೆ ಉತ್ತರ ಹೇಳಬೇಕು, ಉಳಿದವರೂ ಧೈರ್ಯಗೆಡುತ್ತಾರೆ. ಆದ್ದರಿಂದ ಯಾವುದನ್ನು ಇವತ್ತು ನಿಲ್ಲಿಸಿ ನಾಳೆ ಮತ್ತೆ ಶುರು ಮಾಡಬಹುದೋ ಅದು ಮೊದಲು ನಿಲ್ಲುತ್ತದೆ: ಪ್ರಯಾಣ, ತರಬೇತಿ, ಸಮಾರಂಭ, ಹೊಸ ಲ್ಯಾಪ್‌ಟಾಪ್. ಆಮೇಲೆ ಖಾಲಿ ಹುದ್ದೆಗಳು. ಅದಾದ ಮೇಲೆ ಗುತ್ತಿಗೆಯವರು, ಹೊರಗಿನ ಏಜೆನ್ಸಿಗಳು. ನಂತರ ಸಂಬಳದ ಏರಿಕೆ ಮುಂದಕ್ಕೆ ಹೋಗುತ್ತದೆ, ಬೋನಸ್ ಕುಗ್ಗುತ್ತದೆ. ಕಾಯಂ ನೌಕರರ ಸರದಿ ಬರುವುದು ಇದರ ನಂತರ. ನೀವು ಬರೆದಿರುವುದು ಮೊದಲ ಎರಡು ಹಂತ ಮಾತ್ರ.

ಖಾಲಿ ಹುದ್ದೆಯ ವಿಷಯದಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ನೋಡಿ. ಹೊಸ ಹುದ್ದೆ ಸೃಷ್ಟಿಸುವುದನ್ನು ನಿಲ್ಲಿಸಿದ್ದಾರೆ ಎಂದರೆ ಬೆಳವಣಿಗೆ ನಿಧಾನವಾಗಿದೆ, ಅಷ್ಟೇ. ಬಿಟ್ಟುಹೋದವರ ಜಾಗಕ್ಕೂ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ ಎಂದರೆ ಸಿಬ್ಬಂದಿ ಸಂಖ್ಯೆ ತಾನಾಗಿಯೇ ಇಳಿಯಲಿ ಎಂದು ಕಾಯುತ್ತಿದ್ದಾರೆ. ಆಫರ್ ಲೆಟರ್ ಕೊಟ್ಟವರಿಗೆ ‘ಸೇರಬೇಡಿ’ ಎಂದು ಹೇಳಿದ್ದರೆ ಮಾತ್ರ ಗಂಭೀರ. ಹೆಸರು ಕೆಡುತ್ತದೆಂದು ಗೊತ್ತಿದ್ದೂ ಹಾಗೆ ಮಾಡುವ ಸಂಸ್ಥೆಗೆ ಹಣದ ಒತ್ತಡ ನಿಜವಾಗಿಯೂ ಇದೆ.

ತಿಂಗಳು ಯಾವುದು ಎಂಬುದನ್ನೂ ಗಮನಿಸಿ. ಹಣಕಾಸು ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಪ್ರಯಾಣ, ಖರೀದಿ ನಿಲ್ಲಿಸುವುದು ಅನೇಕ ಕಡೆ ಪ್ರತಿ ವರ್ಷದ ರೂಢಿ. ಹೊಸ ವರ್ಷದ ಬಜೆಟ್ ಬಂದ ಮೇಲೂ ತಡೆ ಸಡಿಲವಾಗದಿದ್ದರೆ ಆಗ ಯೋಚಿಸಬೇಕು.

ನಾವು ಹೇಳುವ ಅಳತೆ ಹೀಗಿದೆ. ಸುಳಿವುಗಳು ಮೂರು ಕಡೆಯಿಂದ ಬರುತ್ತವೆ: ಹಣ, ಕೆಲಸ, ಜನ. ಹಣ ಎಂದರೆ ಖರ್ಚಿಗೆ ತಡೆ, ಬಾಕಿ ಬಿಲ್ಲು, ತಡವಾದ ಸಂಬಳ. ಕೆಲಸ ಎಂದರೆ ರದ್ದಾದ ಪ್ರಾಜೆಕ್ಟು, ಕೈಬಿಟ್ಟ ಗ್ರಾಹಕ, ಮುಂದಿನ ಯೋಜನೆಯಲ್ಲಿ ನಿಮ್ಮ ಟೀಮ್‌ನ ಹೆಸರಿಲ್ಲದಿರುವುದು. ಜನ ಎಂದರೆ ಮೇಲಿನವರ ರಾಜೀನಾಮೆ, ಗುತ್ತಿಗೆಯವರ ಬಿಡುಗಡೆ, ಇದ್ದಕ್ಕಿದ್ದಂತೆ ಬಂದ ಹೊರಗಿನ ಸಲಹಾ ಸಂಸ್ಥೆ. ಒಂದೇ ಕಡೆಯಿಂದ ಹತ್ತು ಸುಳಿವು ಬಂದರೂ ಅವುಗಳ ಹಿಂದೆ ಒಂದೇ ಕಾರಣ ಇರಬಹುದು. ಮೂರೂ ಕಡೆಯಿಂದ ಒಂದೊಂದು, ಅದೂ ಒಂದೆರಡು ತಿಂಗಳ ಒಳಗೆ ಬಂದರೆ, ತಯಾರಿ ಶುರು ಮಾಡಿ.

ಈ ಕ್ರಮ ಮೀರಿ ಒಮ್ಮೆಲೇ ಕಡಿತ ಬರುವ ಸಂದರ್ಭಗಳೂ ಇವೆ: ಒಂದು ವ್ಯವಹಾರವನ್ನೇ ಮುಚ್ಚುವಾಗ, ಸಂಸ್ಥೆ ಇನ್ನೊಬ್ಬರ ಕೈಗೆ ಹೋದಾಗ, ಹೊಸ ಮುಖ್ಯಸ್ಥರು ಬಂದು ಇಡೀ ರಚನೆ ಬದಲಿಸುವಾಗ. ಅಂಥಲ್ಲಿ ಕಂಪನಿ ಲಾಭದಲ್ಲಿದೆ ಎಂಬ ಸಮಾಧಾನ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ನಾನಿರುವುದು ಸ್ಟಾರ್ಟ್‌ಅಪ್‌ನಲ್ಲಿ. ‘ರನ್‌ವೇ ಇನ್ನೂ 15 ತಿಂಗಳು ಇದೆ, ಚಿಂತೆ ಬೇಡ’ ಎಂದು ಸ್ಥಾಪಕರು ಹೇಳಿದರು. ಆದರೂ ಕಡಿತದ ಮಾತು ಕೇಳಿಬರುತ್ತಿದೆ. 15 ತಿಂಗಳು ಸಾಕಾಗುವುದಿಲ್ಲವೇ? 
— ಮಾರಾಟ ವಿಭಾಗದವರು

ಉತ್ತರ: ರನ್‌ವೇ ಎಂದರೆ ಕೈಯಲ್ಲಿರುವ ಹಣ ಇನ್ನೆಷ್ಟು ತಿಂಗಳು ಬರುತ್ತದೆ ಎಂಬ ಲೆಕ್ಕ. ಲೆಕ್ಕ ಹಾಕಿ ನೋಡೋಣ. ಬ್ಯಾಂಕಿನಲ್ಲಿ 18 ಕೋಟಿ ಇದೆ, ತಿಂಗಳ ಖರ್ಚು 2 ಕೋಟಿ, ಗ್ರಾಹಕರಿಂದ ಕೈಗೆ ಬರುವುದು 80 ಲಕ್ಷ ಎಂದಿಟ್ಟುಕೊಳ್ಳಿ. ತಿಂಗಳಿಗೆ ಕರಗುವುದು 1.2 ಕೋಟಿ. 18ನ್ನು 1.2ರಿಂದ ಭಾಗಿಸಿದರೆ 15 ತಿಂಗಳು. ಆದರೆ ಹೊಸ ಬಂಡವಾಳ ಎತ್ತುವ ಕೆಲಸಕ್ಕೆ ಮೊದಲ ಭೇಟಿಯಿಂದ ಹಣ ಖಾತೆಗೆ ಬೀಳುವವರೆಗೆ ಆರು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಕೈಯಲ್ಲಿ ಎರಡು ಮೂರು ತಿಂಗಳ ಹಣ ಮಾತ್ರ ಇರುವಾಗ ಹೂಡಿಕೆದಾರರ ಮುಂದೆ ನಿಂತರೆ ಚೌಕಾಸಿಗೆ ಜಾಗವೇ ಇರುವುದಿಲ್ಲ. ಹೀಗಾಗಿ 15 ತಿಂಗಳೆಂದರೆ ನೆಮ್ಮದಿಯ ಅವಧಿ ಆರೇಳು ತಿಂಗಳು.

ಈಗ ಆಡಳಿತದವರು ಹಾಕುವ ಲೆಕ್ಕ ನೋಡಿ. ಖರ್ಚಿನಲ್ಲಿ 70 ಶೇಕಡಾ, ಅಂದರೆ 1.4 ಕೋಟಿ ಸಂಬಳಕ್ಕೇ ಹೋಗುತ್ತದೆ ಎನ್ನಿ. ಸಂಬಳದಲ್ಲಿ 30 ಶೇಕಡಾ ಇಳಿಸಿದರೆ ತಿಂಗಳಿಗೆ 42 ಲಕ್ಷ ಉಳಿತಾಯ. ಕರಗುವುದು 78 ಲಕ್ಷಕ್ಕೆ ಇಳಿಯುತ್ತದೆ. ಹೋಗುವವರಿಗೆ ಎರಡು ತಿಂಗಳ ಸಂಬಳ ಪರಿಹಾರ ಕೊಟ್ಟರೂ 84 ಲಕ್ಷ, ಉಳಿದ 17.16 ಕೋಟಿ 22 ತಿಂಗಳು ಬರುತ್ತದೆ. 15 ಇದ್ದದ್ದು 22 ಆಯಿತು. ಬಾಡಿಗೆ, ಜಾಹೀರಾತು, ಪ್ರಯಾಣವನ್ನೆಲ್ಲ ಸೇರಿಸಿ ಕತ್ತರಿಸಿದರೂ ಇಷ್ಟು ದೊಡ್ಡ ಅಂತರ ಸಿಗುವುದು ಕಷ್ಟ. ಹಣ ಇನ್ನೂ ಇರುವಾಗಲೇ ಜನರನ್ನು ತೆಗೆಯುವುದಕ್ಕೆ ಕಾರಣ ಇದು. ಹಣ ಮುಗಿದ ಮೇಲೆ ತೆಗೆದರೆ ಪರಿಹಾರಕ್ಕೂ ಏನೂ ಉಳಿದಿರುವುದಿಲ್ಲ.

ಸ್ಥಾಪಕರು ಹೇಳುವ ‘ರನ್‌ವೇ’ಯಲ್ಲಿ ವಸೂಲಿಯನ್ನು ಹೇಗೆ ಎಣಿಸಿದ್ದಾರೆ ಎಂದು ಕೇಳಿ. ಬಿಲ್ಲು ಮಾಡಿದ ಮೊತ್ತ ಬೇರೆ, ಖಾತೆಗೆ ಬಂದ ಮೊತ್ತ ಬೇರೆ. ಮುಂದಿನ ತಿಂಗಳು ಬರಬಹುದಾದ ಗ್ರಾಹಕನನ್ನು ಈಗಲೇ ಲೆಕ್ಕಕ್ಕೆ ಸೇರಿಸಿದ್ದರೆ 15 ಎಂಬ ಸಂಖ್ಯೆಯನ್ನು ನೆಚ್ಚಬೇಡಿ.

ನಿಮ್ಮಂಥ ಸಂಸ್ಥೆಯಲ್ಲಿ ಗಮನಿಸಬೇಕಾದ ಇನ್ನು ಕೆಲವು ಸಂಗತಿಗಳಿವೆ. ಎಲ್ಲರ ಸಭೆಯಲ್ಲಿ ಪ್ರತಿ ಸಲ ತೋರಿಸುತ್ತಿದ್ದ ಆದಾಯದ ಅಂಕಿಗಳು ಕಾರಣ ಹೇಳದೆ ಮಾಯವಾಗುವುದು. ಹಳೆಯ ಹೂಡಿಕೆದಾರರಿಂದಲೇ ಸಣ್ಣ ಮೊತ್ತದ ತಾತ್ಕಾಲಿಕ ಸಾಲ ಪಡೆಯುವುದು. ದಿನನಿತ್ಯ ಬಳಸುವ ಸಾಫ್ಟ್‌ವೇರ್ ಬಿಲ್ಲು ಕಟ್ಟದೆ ನಿಂತುಹೋಗುವುದು. ಎಲ್ಲಕ್ಕಿಂತ ಮುಖ್ಯವಾಗಿ, ಹಣಕಾಸು ಮುಖ್ಯಸ್ಥರು ಬೇರೆ ಕೆಲಸ ಖಚಿತವಾಗದೆಯೇ ಬಿಟ್ಟುಹೋಗುವುದು. ಅಂಕಿಅಂಶ ಪೂರ್ತಿ ನೋಡಬಲ್ಲ ಒಬ್ಬರು ಹಾಗೆ ಹೊರಟರೆ ಅದು ಉಳಿದ ಹತ್ತು ಸುಳಿವಿಗಿಂತ ತೂಕದ್ದು.

ಪ್ರಶ್ನೆ: ನಮ್ಮ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಳ್ಳುತ್ತಿದೆ. ‘ಯಾರ ಕೆಲಸಕ್ಕೂ ತೊಂದರೆಯಿಲ್ಲ’ ಎಂದು ಎರಡೂ ಕಡೆಯವರು ಪತ್ರ ಕಳಿಸಿದ್ದಾರೆ. ನಂಬಬಹುದೇ? 
— ಲೆಕ್ಕಪತ್ರ ವಿಭಾಗದವರು

ಉತ್ತರ: ಪತ್ರದಲ್ಲಿ ಯಾವ ದಿನಾಂಕದವರೆಗೆ ಎಂದು ಬರೆದಿದೆಯೇ ನೋಡಿ. ಒಪ್ಪಂದ ಕಾನೂನಿನ ಪ್ರಕಾರ ಪೂರ್ತಿಯಾಗುವ ದಿನದವರೆಗೆ ಎರಡೂ ಸಂಸ್ಥೆಗಳು ಬೇರೆಬೇರೆಯಾಗಿಯೇ ನಡೆಯಬೇಕು. ಆ ಹಂತದಲ್ಲಿ ಕೊಳ್ಳುವವರು ನಿಮ್ಮ ಸಿಬ್ಬಂದಿಯ ಬಗ್ಗೆ ನಿರ್ಧಾರ ಜಾರಿಗೆ ತರುವಂತಿಲ್ಲ. ಹಾಗಾಗಿ ಪತ್ರದ ಮಾತು ಅಲ್ಲಿಯವರೆಗೆ ನಿಜವೇ ಇರಬಹುದು. ಕಡಿತ ನಡೆಯುವುದಿದ್ದರೆ ಅದರ ನಂತರ.

ನಿಮ್ಮ ವಿಭಾಗದ ಮಟ್ಟಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾದದ್ದಿದೆ. ಒಂದು ಸಂಸ್ಥೆಗೆ ಎರಡು ಲೆಕ್ಕಪತ್ರ ವಿಭಾಗ, ಎರಡು ಸಂಬಳ ವಿಭಾಗ, ಎರಡು ಕಾನೂನು ವಿಭಾಗ ಬೇಡ. ಗ್ರಾಹಕರನ್ನು, ಉತ್ಪನ್ನವನ್ನು ನೋಡಿಕೊಳ್ಳುವವರಿಗಿಂತ ನೀವು ಮೊದಲು ತಯಾರಾಗಿರಬೇಕು. ಯಾವ ಲೆಕ್ಕದ ಸಾಫ್ಟ್‌ವೇರ್ ಉಳಿಯುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಅವರದು ಉಳಿಯುತ್ತದೆ ಎಂದಾದರೆ ನಿಮ್ಮ ಮಾಹಿತಿಯನ್ನು ಅಲ್ಲಿಗೆ ಸಾಗಿಸುವವರೆಗೆ ನೀವು ಬೇಕೇಬೇಕು. ಆ ಕೆಲಸ ಮುಗಿಯುವ ದಿನಾಂಕವೇ ನಿಮ್ಮ ದಿನಾಂಕ ಎಂದುಕೊಂಡು ಯೋಜನೆ ಹಾಕಿ. ಈ ಅವಧಿಗೆ ‘ಉಳಿದುಕೊಂಡರೆ ಬೋನಸ್’ ಕೇಳುವ ಹಕ್ಕು ನಿಮಗಿದೆ, ಮತ್ತು ಕೇಳಿದರೆ ಕೊಡುವ ಸಾಧ್ಯತೆ ಇರುವ ಸಮಯವೂ ಇದೇ. ಕೊಡಲು ಒಪ್ಪಿದರೆ ಎಷ್ಟು, ಯಾವ ದಿನ, ಅದಕ್ಕೂ ಮೊದಲು ಅವರೇ ತೆಗೆದರೆ ಏನು ಎಂಬ ಮೂರೂ ಬರಹದಲ್ಲಿರಲಿ.

ಪ್ರಶ್ನೆ: ಮ್ಯಾನೇಜರ್ ನನ್ನನ್ನು ಕೆಲವು ಮೀಟಿಂಗ್‌ಗಳಿಗೆ ಕರೆಯುವುದನ್ನು ಬಿಟ್ಟಿದ್ದಾರೆ. ನಾನು ಮಾಡುವ ಕೆಲಸವನ್ನೆಲ್ಲ ಬರೆದಿಡಲು ಹೇಳಿದ್ದಾರೆ. ತೆಗೆಯುವವರ ಪಟ್ಟಿಯಲ್ಲಿ ನನ್ನ ಹೆಸರಿದೆಯೇ ಎಂದು ನೇರವಾಗಿ ಕೇಳಲೇ? 
— ಹೆಸರು ಬೇಡ

ಉತ್ತರ: ಹಾಗೆ ಕೇಳಬೇಡಿ, ಉತ್ತರ ಸಿಗುವುದಿಲ್ಲ. ಪಟ್ಟಿ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಕಾರಣ ಗೊತ್ತಾಗುತ್ತದೆ. ಮೇಲಿನಿಂದ ಮೊದಲು ಬರುವುದು ಒಂದು ಮೊತ್ತ ಅಥವಾ ಸಂಖ್ಯೆ: ‘ಈ ವಿಭಾಗದ ಸಂಬಳ ಖರ್ಚಿನಲ್ಲಿ ಇಷ್ಟು ಇಳಿಯಬೇಕು’. ವಿಭಾಗದ ಮುಖ್ಯಸ್ಥರು, ಹಣಕಾಸಿನವರು ಮತ್ತು ಎಚ್‌ಆರ್ ಕೂತು ಮೊದಲು ಯಾವ ಕೆಲಸ ಬೇಡ ಎಂದು ಗುರುತಿಸುತ್ತಾರೆ, ಆಮೇಲೆ ಹೆಸರು. ಆಗ ಸಂಬಳದ ಮೊತ್ತ, ಹಿಂದಿನ ಅಪ್ರೈಸಲ್‌ಗಳ ಅಂಕ, ಬೇರೆ ಕೆಲಸಕ್ಕೆ ಹೊಂದುವ ಕೌಶಲ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಕಾನೂನಿನವರು ಪಟ್ಟಿಯನ್ನು ನೋಡಿ ಒಂದೇ ವಯಸ್ಸಿನವರು, ಹೆರಿಗೆ ರಜೆಯಲ್ಲಿರುವವರು ಹೆಚ್ಚಾಗಿ ಸಿಕ್ಕಿಕೊಂಡಿದ್ದಾರೆಯೇ ಎಂದು ಪರಿಶೀಲಿಸುತ್ತಾರೆ. ನಿಮ್ಮ ನೇರ ಮ್ಯಾನೇಜರಿಗೆ ವಿಷಯ ತಿಳಿಯುವುದು ಎಷ್ಟೋ ಕಡೆ ಒಂದೆರಡು ದಿನ ಮೊದಲು. ಮೊದಲೇ ತಿಳಿದಿದ್ದರೂ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿರುತ್ತಾರೆ. ಅವರ ಮುಖ ನೋಡಿ ಭವಿಷ್ಯ ಓದುವುದರಲ್ಲಿ ಪ್ರಯೋಜನವಿಲ್ಲ.

ಬದಲಿಗೆ ಕೆಲಸದ ಬಗ್ಗೆ ಕೇಳಿ. ‘ಮುಂದಿನ ಎರಡು ತ್ರೈಮಾಸಿಕಗಳಲ್ಲಿ ನಮ್ಮ ಟೀಮ್ ಮುಗಿಸಲೇಬೇಕಾದ ಕೆಲಸ ಯಾವುದು?’ ‘ಅದಕ್ಕೆ ಬಜೆಟ್ ಮಂಜೂರಾಗಿದೆಯೇ?’ ‘ಅದರಲ್ಲಿ ನನ್ನ ಪಾಲು ಏನು?’ ಈ ಮೂರಕ್ಕೂ ದಿನಾಂಕ ಸಮೇತ ಉತ್ತರ ಬಂದರೆ ನೆಲ ಗಟ್ಟಿಯಿದೆ. ‘ಎಲ್ಲ ಮರುಪರಿಶೀಲನೆಯಲ್ಲಿದೆ, ಸ್ವಲ್ಪ ಕಾಯೋಣ’ ಎಂದು ಎರಡು ಸಲ ಬಂದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಮೀಟಿಂಗ್ ವಿಷಯ. ಕಳೆದ ವಾರ ಏನಾಯಿತು ಎಂದು ವರದಿ ಒಪ್ಪಿಸುವ ಮೀಟಿಂಗ್‌ನಿಂದ ಬಿಟ್ಟಿದ್ದರೆ ಸಮಯ ಉಳಿಯಿತು ಎಂದುಕೊಳ್ಳಿ. ಮುಂದಿನ ವರ್ಷದ ಯೋಜನೆ, ಬಜೆಟ್, ಹೊಸ ಗ್ರಾಹಕನ ಚರ್ಚೆಯಿಂದ ಬಿಟ್ಟಿದ್ದರೆ ಅದು ಸುಳಿವು.

ಬರೆದಿಡಲು ಹೇಳುವುದೂ ಎರಡು ಬಗೆ. ಟೀಮ್‌ನ ಎಲ್ಲರಿಗೂ ಹೇಳಿದ್ದರೆ, ಗಡುವು ಸಡಿಲವಾಗಿದ್ದರೆ ಅದು ಸಾಮಾನ್ಯ ಶಿಸ್ತು. ಆಡಿಟ್‌ಗೆ ಮುಂಚೆ ಹೀಗೆ ಮಾಡಿಸುತ್ತಾರೆ. ನಿಮ್ಮೊಬ್ಬರಿಗೇ ಹೇಳಿ, ನಿರ್ದಿಷ್ಟ ದಿನಾಂಕ ಕೊಟ್ಟು, ‘ಇಂಥವರಿಗೆ ವಿವರಿಸಿ’ ಎಂದು ಇನ್ನೊಬ್ಬರ ಹೆಸರನ್ನೂ ಹೇಳಿದ್ದರೆ ಅದು ಕೆಲಸದ ಹಸ್ತಾಂತರ. ಆಗಲೂ ಬರೆದುಕೊಡುವುದನ್ನು ತಡೆಹಿಡಿಯಬೇಡಿ. ಮಾಹಿತಿ ಬಚ್ಚಿಟ್ಟು ಕೆಲಸ ಉಳಿಸಿಕೊಳ್ಳಬಹುದು ಎಂಬ ಲೆಕ್ಕ ಹೆಚ್ಚಾಗಿ ಫಲಿಸುವುದಿಲ್ಲ. ಪಟ್ಟಿ ಮಾಡುವವರಿಗೆ ಆ ಸೂಕ್ಷ್ಮ ಗೊತ್ತೇ ಇರುವುದಿಲ್ಲ, ನಾಳೆ ಒಳ್ಳೆಯ ಮಾತು ಹೇಳಬೇಕಾದ ಮ್ಯಾನೇಜರ್ ಮಾತ್ರ ಮುನಿಸಿಕೊಂಡಿರುತ್ತಾರೆ.

ಪ್ರಶ್ನೆ: ಎರಡು ತಿಂಗಳಿಂದ ಯಾವ ಪ್ರಾಜೆಕ್ಟೂ ಇಲ್ಲದೆ ಬೆಂಚ್‌ನಲ್ಲಿದ್ದೇನೆ. ಎಷ್ಟು ದಿನ ಸುರಕ್ಷಿತ? 
— ಐಟಿ ಸೇವಾ ಕಂಪನಿಯವರು

ಉತ್ತರ: ನಿಮ್ಮ ಕಂಪನಿಯ ನೀತಿಯಲ್ಲಿ ಬೆಂಚ್‌ಗೆ ದಿನಗಳ ಮಿತಿ ಇದೆಯೇ ಎಂದು ಮೊದಲು ಓದಿ, ಇದ್ದರೆ ಅದೇ ಉತ್ತರ. ಇಲ್ಲದಿದ್ದರೆ, ನಿಮ್ಮ ಕೌಶಲಕ್ಕೆ ಒಳಗಿನ ಪ್ರಾಜೆಕ್ಟುಗಳಿಂದ ವಾರಕ್ಕೆ ಎಷ್ಟು ಸಂದರ್ಶನ ಬರುತ್ತಿದೆ ಎಂದು ಎಣಿಸಿ. ಬಂದು ಆಯ್ಕೆಯಾಗದಿದ್ದರೆ ಸಂದರ್ಶನಕ್ಕೆ ತಯಾರಿ ಬೇಕು. ಬರುವುದೇ ನಿಂತಿದ್ದರೆ ಆ ಕೌಶಲಕ್ಕೆ ಬೇಡಿಕೆಯಿಲ್ಲ. ಆಗ ಕಾಯದೆ ಹತ್ತಿರದ ಇನ್ನೊಂದು ಕೌಶಲಕ್ಕೆ ಹೊರಳಿ, ಹೊರಗೂ ಅರ್ಜಿ ಹಾಕಿ. ಪ್ರಾಜೆಕ್ಟಿನಲ್ಲಿ ಇರುವವರಿಗೂ ಒಂದು ಮಾತು: ಗ್ರಾಹಕರ ಜೊತೆಗಿನ ಒಪ್ಪಂದ ಮುಗಿಯುವ ದಿನಾಂಕ ತಿಳಿದಿಟ್ಟುಕೊಳ್ಳಿ. ಅದಕ್ಕೆ 60 ದಿನ ಇರುವಾಗಲೂ ನವೀಕರಣದ ಮಾತು ಬರದಿದ್ದರೆ ನೀವೇ ಕೇಳಿ.

ಪ್ರಶ್ನೆ: ಒಳ್ಳೆಯ ಅಪ್ರೈಸಲ್ ಇದ್ದ ನನ್ನನ್ನು ದಿಢೀರನೆ ಪಿಐಪಿಗೆ (ಇಂತಿಷ್ಟು ದಿನದಲ್ಲಿ ಕೆಲಸ ಸುಧಾರಿಸಿ ತೋರಿಸಬೇಕೆಂಬ ಯೋಜನೆಗೆ) ಹಾಕಿದ್ದಾರೆ. ಇದೂ ಲೇಆಫ್ ದಾರಿಯೇ? 
— ವಿನ್ಯಾಸಗಾರ್ತಿ

ಉತ್ತರ: ಒಂದೇ ವಾರದಲ್ಲಿ ನಿಮ್ಮ ಜೊತೆ ಇನ್ನೂ ಹಲವರಿಗೆ ಬಂದಿದ್ದರೆ, ಹೌದು, ಆ ಸಾಧ್ಯತೆ ಹೆಚ್ಚು. ಕೆಲಸದ ಗುಣಮಟ್ಟದ ನೆಪದಲ್ಲಿ ಕಳಿಸಿದರೆ ಪರಿಹಾರ ಕೊಡದೆ ತಪ್ಪಿಸಿಕೊಳ್ಳಬಹುದು, ಲೇಆಫ್ ಎಂಬ ಸುದ್ದಿಯೂ ಆಗುವುದಿಲ್ಲ. ಸುಧಾರಣೆಯೇ ಗುರಿಯಾಗಿದ್ದರೆ ಕಾಗದದಲ್ಲಿ ಅಳೆಯಬಹುದಾದ ಗುರಿ, ದಿನಾಂಕ, ಸಹಾಯ ಮಾಡುವವರ ಹೆಸರು ಇರುತ್ತದೆ. ‘ಇನ್ನಷ್ಟು ಮುತುವರ್ಜಿ ತೋರಬೇಕು’ ಎಂಬಂಥ ವಾಕ್ಯಗಳೇ ತುಂಬಿದ್ದರೆ ಫಲಿತಾಂಶ ಮೊದಲೇ ತೀರ್ಮಾನವಾಗಿದೆ.

ಇಂಥ ಅವಧಿ 30, 60 ಅಥವಾ 90 ದಿನ ಇರುವುದು ರೂಢಿ. ಮೊದಲ ವಾರವೇ ಇಮೇಲ್ ಬರೆಯಿರಿ: ಯಾವ ಕೆಲಸ, ಯಾವ ದಿನಕ್ಕೆ, ಯಾವ ಅಳತೆಯಲ್ಲಿ ಮುಗಿದರೆ ತೇರ್ಗಡೆ ಎಂದು ಕೇಳಿ. ಪ್ರತಿ ವಾರದ ಮಾತುಕತೆಯ ಸಾರವನ್ನು ಅದೇ ದಿನ ಇಮೇಲ್‌ನಲ್ಲಿ ಕಳಿಸಿ. ಮುಂದೆ ಪರಿಹಾರದ ಮಾತು ಬಂದಾಗ ಹಳೆಯ ಒಳ್ಳೆಯ ಅಪ್ರೈಸಲ್‌ಗಳು ಮತ್ತು ಈ ಇಮೇಲ್‌ಗಳು ನಿಮ್ಮ ಕೈಯನ್ನು ಬಲಪಡಿಸುತ್ತವೆ. ಜೊತೆಜೊತೆಗೆ ಬೇರೆ ಕೆಲಸ ಹುಡುಕುವುದನ್ನೂ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮದು ಬಿಡಿಭಾಗ ತಯಾರಿಸುವ ಕಾರ್ಖಾನೆ. ಓವರ್‌ಟೈಮ್ ನಿಂತಿದೆ, ಮೂರು ಶಿಫ್ಟ್ ಎರಡಾಗಿದೆ, ಕಳೆದ ತಿಂಗಳು ಸಂಬಳ ಎಂಟು ದಿನ ತಡ. ಮುಚ್ಚುತ್ತಾರೆಯೇ? ಕಾನೂನಿನ ಪ್ರಕಾರ ಮೊದಲೇ ಹೇಳಬೇಕಲ್ಲವೇ? 
— ಯಂತ್ರ ನಿರ್ವಾಹಕ

ಉತ್ತರ: ಕಾರ್ಖಾನೆಯಲ್ಲಿ ಸುಳಿವು ಕಣ್ಣಿಗೇ ಕಾಣುತ್ತದೆ, ಆ ಮಟ್ಟಿಗೆ ನೀವು ಆಫೀಸಿನವರಿಗಿಂತ ಮುಂದಿದ್ದೀರಿ. ಉಗ್ರಾಣ ನೋಡಿ. ಮಾಲು ತಯಾರಾಗಿ ಹೋಗದೆ ರಾಶಿ ಬಿದ್ದಿದ್ದರೆ ಗ್ರಾಹಕರು ಕೊಳ್ಳುತ್ತಿಲ್ಲ. ಮಾಲೂ ಇಲ್ಲ, ಕಚ್ಚಾವಸ್ತುವೂ ಬರುತ್ತಿಲ್ಲ ಎಂದರೆ ಪೂರೈಕೆದಾರರು ಸಾಲ ಕೊಡುವುದನ್ನು ನಿಲ್ಲಿಸಿರಬಹುದು. ಎರಡನೆಯದು ಹೆಚ್ಚು ಕೆಟ್ಟದ್ದು. ಯಂತ್ರಗಳ ವಾರ್ಷಿಕ ನಿರ್ವಹಣೆ ಮುಂದಕ್ಕೆ ಹೋಗಿದೆಯೇ? ಇನ್ನು ಹೆಚ್ಚು ದಿನ ಓಡಿಸುವ ಉದ್ದೇಶವಿಲ್ಲದ ಯಂತ್ರಕ್ಕೆ ಯಾರೂ ಖರ್ಚು ಮಾಡುವುದಿಲ್ಲ. ಅಚ್ಚುಗಳು, ಡೈಗಳು ಇನ್ನೊಂದು ಘಟಕಕ್ಕೆ ಸಾಗುತ್ತಿದ್ದರೆ ಕೆಲಸವೇ ಸಾಗುತ್ತಿದೆ ಎಂದರ್ಥ. ಹೊರಗಿನವರು ಬಂದು ಯಂತ್ರಗಳ ಅಳತೆ, ಬೆಲೆ ಬರೆದುಕೊಂಡು ಹೋದರೆ ಮಾರಾಟದ ಅಥವಾ ಸಾಲದ ಮಾತು ನಡೆದಿದೆ.

ಸಂಬಳ ಒಮ್ಮೆ ತಡವಾದರೆ ಬ್ಯಾಂಕಿನ ತೊಡಕು ಇರಬಹುದು. ಎರಡನೆಯ ಸಲವೂ ತಡವಾದರೆ ಹಣವಿಲ್ಲ. ಅದಕ್ಕಿಂತ ಮುಂಚೆಯೇ ಸತ್ಯ ಹೇಳುವ ಒಂದು ಜಾಗವಿದೆ: ಭವಿಷ್ಯನಿಧಿ, ವಿಮೆ, ತೆರಿಗೆ ಎಂದು ನಿಮ್ಮ ಸಂಬಳದಿಂದ ಕಡಿದ ಹಣ ನಿಮ್ಮ ಖಾತೆಗೆ ಜಮೆ ಆಗಿದೆಯೇ ಎಂದು ತಿಂಗಳು ತಿಂಗಳು ನೋಡಿ. ಹಣದ ಕೊರತೆಯಿರುವ ಮಾಲೀಕರು ಸಂಬಳ ನಿಲ್ಲಿಸಿ ಗದ್ದಲ ಎಬ್ಬಿಸುವ ಬದಲು ಸದ್ದಿಲ್ಲದೆ ಮೊದಲು ಇದನ್ನು ನಿಲ್ಲಿಸುತ್ತಾರೆ. ಪೇ ಸ್ಲಿಪ್‌ನಲ್ಲಿ ಕಡಿತ ಇದ್ದು ಖಾತೆಯಲ್ಲಿ ಜಮೆ ಇಲ್ಲದಿದ್ದರೆ ಆ ಪೇ ಸ್ಲಿಪ್ ಜೋಪಾನವಾಗಿಡಿ, ಸಂಘದವರು ಅಥವಾ ಸಂಬಂಧಪಟ್ಟ ಇಲಾಖೆಯವರ ಬಳಿ ಲಿಖಿತ ದೂರು ಕೊಡಿ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 1988ರ ವಾರ್ನ್ ಕಾಯ್ದೆಯಂತೆ 100 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ದೊಡ್ಡ ಕಡಿತಕ್ಕೆ, ಘಟಕ ಮುಚ್ಚುವುದಕ್ಕೆ 60 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ಅನೇಕ ರಾಜ್ಯಗಳು ಈ ನೋಟಿಸುಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತವೆ. ಬ್ರಿಟನ್‌ನಲ್ಲಿ ಒಂದೇ ಕಡೆ 90 ದಿನಗಳ ಒಳಗೆ 20ಕ್ಕಿಂತ ಕಡಿಮೆಯಿಲ್ಲದಷ್ಟು ಜನರನ್ನು ತೆಗೆಯುವುದಿದ್ದರೆ ನೌಕರರ ಪ್ರತಿನಿಧಿಗಳ ಜೊತೆ 30 ದಿನ ಮೊದಲು, 100 ಅಥವಾ ಹೆಚ್ಚು ಜನರಾದರೆ 45 ದಿನ ಮೊದಲು ಸಮಾಲೋಚನೆ ಶುರುವಾಗಬೇಕು. ಭಾರತದಲ್ಲಿ ಕಾನೂನಿನ ‘ಕಾರ್ಮಿಕ’ ವ್ಯಾಖ್ಯೆಗೆ ಸೇರುವ, ಒಂದು ವರ್ಷದ ನಿರಂತರ ಸೇವೆ ಮುಗಿಸಿದವರನ್ನು ಕೆಲಸ ಹೆಚ್ಚುವರಿ ಎಂದು ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ಸಂಬಳ ಕೊಡಬೇಕು. ವ್ಯಾಖ್ಯೆಗೆ ನೀವು ಸೇರುತ್ತೀರೋ ಇಲ್ಲವೋ ಎಂಬುದನ್ನು ಹುದ್ದೆಯ ಹೆಸರಿಗಿಂತ ನೀವು ನಿಜವಾಗಿ ಮಾಡುವ ಕೆಲಸ ತೀರ್ಮಾನಿಸುತ್ತದೆ.

ಪ್ರಶ್ನೆ: ತೆಗೆಯುವ ಮೊದಲೇ ಮರ್ಯಾದೆಯಿಂದ ರಿಸೈನ್ ಮಾಡುವುದು ಒಳ್ಳೆಯದಲ್ಲವೇ? ಎಚ್‌ಆರ್‌ನವರೂ ಹಾಗೇ ಸೂಚಿಸುತ್ತಿದ್ದಾರೆ. 
— ಶಾಖಾ ಮ್ಯಾನೇಜರ್

ಉತ್ತರ: ಬೇರೆ ಕಡೆ ಆಫರ್ ಲೆಟರ್ ಕೈಯಲ್ಲಿ ಇಲ್ಲದೆ ಬೇಡ. ನೀವೇ ಬಿಟ್ಟಿರಿ ಎಂದಾದರೆ ಕಡಿತಕ್ಕೆ ಸಿಗಬೇಕಾದ ಪರಿಹಾರ ಹೋಗುತ್ತದೆ, ನಿರುದ್ಯೋಗ ಭತ್ಯೆ ಇರುವ ದೇಶಗಳಲ್ಲಿ ಅದೂ ಹೋಗಬಹುದು, ನೋಟಿಸ್ ಅವಧಿ ಪೂರೈಸದಿದ್ದರೆ ನೀವೇ ಹಣ ಕಟ್ಟುವ ಸ್ಥಿತಿಯೂ ಬರಬಹುದು. ಲೇಆಫ್ ಆದವರಿಗೆ ಮತ್ತೆ ಕೆಲಸ ಸಿಗುವುದಿಲ್ಲ ಎಂಬ ಭಯ ಹುಟ್ಟಿಸಿ ರಾಜೀನಾಮೆ ಬರೆಸಿಕೊಳ್ಳುವುದು ಸಂಸ್ಥೆಗೆ ಅಗ್ಗದ ದಾರಿ. ‘ವ್ಯವಹಾರ ಕುಗ್ಗಿದ್ದರಿಂದ ಹುದ್ದೆ ರದ್ದಾಯಿತು’ ಎಂದು ಮುಂದಿನ ಸಂದರ್ಶನದಲ್ಲಿ ಒಂದೇ ವಾಕ್ಯದಲ್ಲಿ ಹೇಳಿದರೆ ಸಾಕು. ಹೆಚ್ಚಿನವರು ಅದನ್ನು ಕಳಂಕ ಎಂದುಕೊಳ್ಳುವುದಿಲ್ಲ.

ಸಂಸ್ಥೆ ಅಧಿಕೃತವಾಗಿ ‘ಸ್ವಯಂ ನಿವೃತ್ತಿ’ ಯೋಜನೆ ತಂದಿದ್ದರೆ ಮಾತು ಬೇರೆ. ಅಲ್ಲಿ ಎರಡು ಮೊತ್ತ ಹೋಲಿಸಿ: ಈಗ ಒಪ್ಪಿದರೆ ಸಿಗುವುದು, ಮುಂದೆ ಅವರೇ ತೆಗೆದರೆ ಒಪ್ಪಂದ ಮತ್ತು ಕಾನೂನಿನಂತೆ ಸಿಗುವುದು. ಸ್ವಯಂ ಯೋಜನೆಗೆ ಬೇಕಾದಷ್ಟು ಜನ ಮುಂದೆ ಬರದಿದ್ದರೆ ಸಂಸ್ಥೆ ಕಡ್ಡಾಯ ಕಡಿತಕ್ಕೆ ಇಳಿಯುವುದುಂಟು, ಎರಡನೆಯ ಸಲದ ಮೊತ್ತ ಮೊದಲಿನದಕ್ಕಿಂತ ಹೆಚ್ಚು ಇರುತ್ತದೆ ಎಂಬ ಖಾತರಿಯಿಲ್ಲ.

ಪ್ರಶ್ನೆ: ಮನೆಯಲ್ಲಿ ಈಗಲೇ ಹೇಳಬೇಕೇ? 
— ಇಬ್ಬರು ಮಕ್ಕಳ ತಂದೆ

ಉತ್ತರ: ಹೇಳಿ. ಖರ್ಚು ಇಳಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಕಾರಣ ಗೊತ್ತಿಲ್ಲದೆ ನೀವು ಮಂಕಾಗಿ ಓಡಾಡುವುದನ್ನು ನೋಡುವುದು ಮನೆಯವರಿಗೆ ಇನ್ನೂ ಕಷ್ಟ.

ಪ್ರಶ್ನೆ: ಸುಳಿವು ಬಲವಾಗಿದೆ ಎಂದೇ ಇಟ್ಟುಕೊಳ್ಳೋಣ. ಈ ವಾರ ಏನು ಮಾಡಲಿ? ಕೆಲಸದಿಂದ ತೆಗೆದ ವಿಷಯ ಹೇಳುವ ಮೀಟಿಂಗ್‌ಗೆ ಕರೆದ ದಿನ ಏನು ಮಾಡಲಿ? 
— ಹಲವರು

ಉತ್ತರ: ಮೊದಲು ಕಾಗದಪತ್ರ. ಎಷ್ಟೋ ಕಡೆ ಮೀಟಿಂಗ್ ಮುಗಿಯುವ ಹೊತ್ತಿಗೇ ಲ್ಯಾಪ್‌ಟಾಪ್, ಇಮೇಲ್ ಎರಡೂ ಬಂದ್ ಆಗಿರುತ್ತವೆ. ನೇಮಕಾತಿ ಪತ್ರ, ಆಮೇಲೆ ಬಂದ ಸಂಬಳ ಬದಲಾವಣೆಯ ಪತ್ರಗಳು, 12 ತಿಂಗಳ ಪೇ ಸ್ಲಿಪ್, ಅಪ್ರೈಸಲ್‌ಗಳು, ಬೋನಸ್ ಮತ್ತು ಷೇರು ಕೊಟ್ಟ ಪತ್ರಗಳು, ಉಳಿದಿರುವ ರಜೆಯ ಲೆಕ್ಕ, ಇನ್ನೂ ಬರಬೇಕಾದ ಖರ್ಚಿನ ಬಿಲ್ಲುಗಳು, ವಿಮೆಯ ಕಾರ್ಡು. ಇವು ನಿಮ್ಮವೇ ದಾಖಲೆಗಳು. ಸಂಸ್ಥೆಯ ನಿಯಮ ಒಪ್ಪುವ ರೀತಿಯಲ್ಲಿ ನಿಮ್ಮ ಬಳಿ ಪ್ರತಿ ಇಟ್ಟುಕೊಳ್ಳಿ. ಸಂಸ್ಥೆಯ ಕೋಡ್, ಗ್ರಾಹಕರ ಪಟ್ಟಿ, ಬೆಲೆಪಟ್ಟಿ ಮಾತ್ರ ಮುಟ್ಟಬೇಡಿ. ಕಡಿತದ ಸಮಯದಲ್ಲಿ ಹೊರಗೆ ಹೋದ ಪ್ರತಿ ಕಡತವನ್ನೂ ಪರಿಶೀಲಿಸುತ್ತಾರೆ, ಅದೊಂದೇ ಕಾರಣಕ್ಕೆ ಪರಿಹಾರ ಪೂರ್ತಿ ನಿಲ್ಲಬಹುದು.

ಬ್ಯಾಂಕ್, ಭವಿಷ್ಯನಿಧಿ, ವಿಮೆ, ಸಂಬಳದ ಪೋರ್ಟಲ್ ಎಲ್ಲ ಕಡೆ ಆಫೀಸಿನ ಇಮೇಲ್ ತೆಗೆದು ಸ್ವಂತದ್ದು ಹಾಕಿ. ಆಫೀಸಿನ ಫೋನ್ ಸಂಖ್ಯೆಗೆ ಒಟಿಪಿ ಬರುವಂತಿದ್ದರೆ ಇವತ್ತೇ ಬದಲಿಸಿ. ಮುಂದೂಡಿಕೊಂಡು ಬಂದ ವೈದ್ಯಕೀಯ ತಪಾಸಣೆ, ಕಣ್ಣು, ಹಲ್ಲಿನ ಕೆಲಸಗಳನ್ನು ವಿಮೆ ಇರುವಾಗಲೇ ಮುಗಿಸಿ. ಹೊಸ ಸಾಲ, ಹೊಸ ಕಂತು ಬೇಡ. ಮನೆ ನಡೆಯಲು ತಿಂಗಳಿಗೆ ಅತ್ಯಗತ್ಯವಾಗಿ ಎಷ್ಟು ಬೇಕು ಎಂದು ಬರೆದು, ಅದರ ಮೂರರಿಂದ ಆರು ಪಟ್ಟು ತಕ್ಷಣ ಕೈಗೆ ಸಿಗುವ ಖಾತೆಯಲ್ಲಿ ಇರುವಂತೆ ನೋಡಿಕೊಳ್ಳಿ. ಅಷ್ಟಿಲ್ಲದಿದ್ದರೆ ಸಾಲವನ್ನು ಮುಂಚಿತವಾಗಿ ತೀರಿಸುವ ಆತುರ ಬಿಟ್ಟು ನಗದು ಉಳಿಸಿ.

ಬಯೋಡೇಟಾವನ್ನು ಈಗಲೇ ತಿದ್ದಿ. ಕೆಲಸದ ಅಂಕಿಗಳು ಕಣ್ಣೆದುರಿಗೆ ಇರುವಾಗ ‘ದೂರುಗಳನ್ನು ಇಷ್ಟರಿಂದ ಇಷ್ಟಕ್ಕೆ ಇಳಿಸಿದೆ’ ಎಂದು ಬರೆಯುವುದು ಸುಲಭ; ಹೊರಬಂದ ಮೇಲೆ ನೆನಪಾಗುವುದಿಲ್ಲ. ಗೌಪ್ಯ ಅಂಕಿ ಬಿಟ್ಟು ಬರೆಯಿರಿ. ನಿಮ್ಮ ಕೆಲಸ ಬಲ್ಲ ಐದಾರು ಜನರ ಸ್ವಂತ ಫೋನ್ ಸಂಖ್ಯೆ ಪಡೆದುಕೊಳ್ಳಿ.

ಆ ದಿನ ಮೀಟಿಂಗ್‌ನಲ್ಲಿ ವಾದ ಮಾಡಿ ನಿರ್ಧಾರ ಬದಲಿಸಲು ಆಗುವುದಿಲ್ಲ. ಎದುರಿಗೆ ಕೂತವರಿಗೆ ಆ ಅಧಿಕಾರ ಇರುವುದಿಲ್ಲ. ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ: ಕೊನೆಯ ದಿನ ಯಾವುದು? ನೋಟಿಸ್ ಅವಧಿಯಲ್ಲಿ ಕೆಲಸ ಮಾಡಬೇಕೇ, ಅಥವಾ ಅದರ ಸಂಬಳ ಕೊಡುತ್ತೀರಾ? ಪರಿಹಾರವನ್ನು ಮೂಲವೇತನದ ಮೇಲೆ ಲೆಕ್ಕ ಹಾಕಿದ್ದೀರಾ, ಒಟ್ಟು ಸಂಬಳದ ಮೇಲೆಯೇ? ಉಳಿದ ರಜೆಗೆ ಹಣ? ಈ ವರ್ಷದ ಬೋನಸ್‌ನ ಪಾಲು? ವಿಮೆ ಯಾವ ದಿನದವರೆಗೆ? ಷೇರು ಆಯ್ಕೆ, ಅಂದರೆ ಗೊತ್ತುಮಾಡಿದ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು ಇದ್ದರೆ, ಕೊಳ್ಳಲು ಎಷ್ಟು ದಿನ? (ಹಲವು ಕಡೆ 90 ದಿನ ಮಾತ್ರ, ದಾಟಿದರೆ ಹಕ್ಕೇ ಹೋಗುತ್ತದೆ.) ಫುಲ್ ಆಂಡ್ ಫೈನಲ್, ಅಂದರೆ ಕೊನೆಯ ಲೆಕ್ಕದ ಚುಕ್ತಾ ಯಾವಾಗ? ರಿಲೀವಿಂಗ್ ಲೆಟರ್‌ನಲ್ಲಿ ಕಾರಣ ಏನೆಂದು ಬರೆಯುತ್ತೀರಿ?

ಸಹಿ ಆ ದಿನವೇ ಹಾಕಬೇಡಿ. ‘ಓದಿ, ಸಲಹೆ ಪಡೆದು ತಿಳಿಸುತ್ತೇನೆ, ಎಷ್ಟು ದಿನ ಸಮಯವಿದೆ?’ ಎಂದು ಕೇಳಿ. ಕಾಗದ ತಲುಪಿದೆ ಎಂದು ಸಹಿ ಮಾಡಲೇಬೇಕೆಂದರೆ ಸಹಿಯ ಪಕ್ಕದಲ್ಲಿ ‘ಪ್ರತಿ ಪಡೆದಿದ್ದೇನೆ, ಷರತ್ತುಗಳಿಗೆ ಒಪ್ಪಿಗೆಯಲ್ಲ’ ಎಂದು ನಿಮ್ಮ ಕೈಯಾರೆ ಬರೆದು ದಿನಾಂಕ ಹಾಕಿ. ಮನೆಯಲ್ಲಿ ಓದುವಾಗ ಎರಡು ಜಾಗ ಹುಡುಕಿ: ಮುಂದೆ ಯಾವ ದಾವೆಯನ್ನೂ ಹೂಡುವುದಿಲ್ಲ ಎಂಬ ಷರತ್ತು, ಮತ್ತು ಇಂತಿಷ್ಟು ಕಾಲ ಪ್ರತಿಸ್ಪರ್ಧಿ ಸಂಸ್ಥೆ ಸೇರಬಾರದು ಎಂಬ ಷರತ್ತು. ಅವರೇ ತೆಗೆದಿರುವಾಗ ಎರಡನೆಯದನ್ನು ಕೈಬಿಡಿ ಎಂದು ಕೇಳುವುದು ನ್ಯಾಯವಾದದ್ದು. ಮೊತ್ತ ಹೆಚ್ಚಿಸಲು ಒಪ್ಪದ ಸಂಸ್ಥೆಗಳೂ ವಿಮೆಯನ್ನು ಒಂದೆರಡು ತಿಂಗಳು ಮುಂದುವರಿಸುವುದಕ್ಕೆ, ಲ್ಯಾಪ್‌ಟಾಪ್ ಬಿಟ್ಟುಕೊಡುವುದಕ್ಕೆ, ಪತ್ರದ ಒಕ್ಕಣೆ ಬದಲಿಸುವುದಕ್ಕೆ ಒಪ್ಪುವುದುಂಟು. ಕೇಳುವುದನ್ನು ಒಂದೇ ಇಮೇಲ್‌ನಲ್ಲಿ, ಸ್ವಂತ ವಿಳಾಸದಿಂದ, ಅವರು ಕೊಟ್ಟ ಗಡುವಿಗೆ ಎರಡು ದಿನ ಮೊದಲು ಕಳಿಸಿ.